ಹ್ಯಾಕರ್ ಬಿಡಿ, ಚಿಲಕ ಮುರಿದದ್ದು ಹೇಗೆ ಅಂತ ಬರೆಯಿರಿ

ಮಾನ್ಯ ಸಂಪಾದಕರೇ,

ಹೋದ ವಾರ ಮಂಗಳವಾರ ಬೆಳಗ್ಗೆ ನಿಮ್ಮ ಪತ್ರಿಕೆಯಿಂದ ನಮ್ಮ ಮನೆಯಲ್ಲಿ ಸಣ್ಣದೊಂದು ರಾದ್ಧಾಂತ ಆಯಿತು. ಜಿಲ್ಲಾ ಪುಟದಲ್ಲಿ ‘ಹ್ಯಾಕರ್ ಕೈಚಳಕ: ಬೆಳೆಗಾರನ ಖಾತೆ ಖಾಲಿ’ ಅಂತ ದಪ್ಪಕ್ಷರದ ಸುದ್ದಿ. ನಮ್ಮ ಮನೆಯವರು ಅದನ್ನು ಜೋರಾಗಿ ಓದುತ್ತಾ ಕೂತಿದ್ದರು. ಅದೇ ಹೊತ್ತಿಗೆ ಇಂಜಿನಿಯರಿಂಗ್ ಓದುವ ಮೊಮ್ಮಗಳು ಬ್ಯಾಗು ಹೆಗಲಿಗೆ ಹಾಕಿಕೊಂಡು ಬಂದು, ‘ಅಜ್ಜಿ, ಶುಕ್ರವಾರ ರಾತ್ರಿ ನಾನು ಮನೆಗೆ ಬರಲ್ಲ, ಕಾಲೇಜಲ್ಲಿ ಹ್ಯಾಕಾಥಾನ್ ಇದೆ’ ಅಂದಳು.

ಅಜ್ಜಿ ಪೇಪರ್ ಕೆಳಗಿಟ್ಟರು. ‘ಏನು, ಹ್ಯಾಕಾ? ರಾತ್ರಿಯೆಲ್ಲಾನಾ? ನಿಮ್ಮಪ್ಪಂಗೆ ಗೊತ್ತಾ?’

‘ಪ್ರಿನ್ಸಿಪಾಲರೇ ಉದ್ಘಾಟನೆ ಮಾಡ್ತಾರೆ ಅಜ್ಜಿ.’

‘ಅವರೂ ಇದ್ರಲ್ಲಿ ಇದ್ದಾರಾ?’

ನಾನು ನಕ್ಕೆ, ಬೈಸಿಕೊಂಡೆ. ಹ್ಯಾಕಾಥಾನ್ ಅಂದರೆ ಹುಡುಗರು ಗುಂಪು ಕಟ್ಟಿಕೊಂಡು, ಒಂದೇ ಸಮನೆ ಕೂತು, ಹೊಸದೇನಾದರೂ ಮಾಡಿ ತೋರಿಸುವ ಸ್ಪರ್ಧೆ, ಅಷ್ಟೇ. ಆಮೇಲೆ ಯೋಚಿಸಿದರೆ ಅವರದ್ದೇನೂ ತಪ್ಪಿಲ್ಲ ಅನ್ನಿಸಿತು. ದಿನಾ ಪೇಪರ್ ಓದುವವರು ಅವರು. ಹ್ಯಾಕರ್ ಅಂದರೆ ಕಳ್ಳ ಅಂತ ಅವರಿಗೆ ಕಲಿಸಿದ್ದು ನೀವೇ ಅಲ್ವಾ? ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ. ಕತ್ತರಿ ಹಾಕುವುದಿದ್ದರೆ ಎಲ್ಲಾದರೂ ಹಾಕಿ, ನನ್ನ ಭಾವನ ಕತೆ ಮಾತ್ರ ಬಿಡಬೇಡಿ.

ಭಾವ ಆಲೂರು ಕಡೆಯವರು. ಕಾಫಿ, ಮೆಣಸು, ಒಂದಷ್ಟು ಗದ್ದೆ. ಫೆಬ್ರವರಿಯಲ್ಲಿ ಕಾಫಿ ಮಾರಿದ ದುಡ್ಡು ಖಾತೆಗೆ ಬಂದು ವಾರ ಆಗಿತ್ತು. ಒಂದು ಮಧ್ಯಾಹ್ನ ವಾಟ್ಸಾಪಿಗೆ ಗುರುತಿನವರ ನಂಬರಿನಿಂದಲೇ ಒಂದು ಮದುವೆ ಕರೆಯೋಲೆ ಬಂತು. ಫೈಲಿನ ಹೆಸರು ‘ವೆಡ್ಡಿಂಗ್ ಕಾರ್ಡ್’, ಕೊನೆಯಲ್ಲಿ ಒಂದು ಚುಕ್ಕಿ, ಚುಕ್ಕಿ ಆದಮೇಲೆ ‘ಎಪಿಕೆ’. ಮದುವೆ ಸೀಸನ್ನು. ಭಾವ ಒತ್ತಿದರು. ಹೊರಗಿನ ಆ್ಯಪ್ ಇದು, ಹಾಕಬೇಕಾ ಅಂತ ಫೋನು ಕೇಳಿತು. ಹೂಂ ಅಂದರು. ನಿಮ್ಮ ಎಸ್ಸೆಮ್ಮೆಸ್ ಓದಬಹುದಾ ಅಂತ ಕೇಳಿತು. ಅದಕ್ಕೂ ಹೂಂ. ಕರೆಯೋಲೆ ಮಾತ್ರ ತೆರೆದುಕೊಳ್ಳಲೇ ಇಲ್ಲ. ನೆಟ್‌ವರ್ಕಿಗೆ ಬೈದು, ಫೋನು ಜೇಬಿಗೆ ಹಾಕಿಕೊಂಡು ತೋಟಕ್ಕೆ ಹೋದರು. ಸಂಜೆ ಹೊತ್ತಿಗೆ ಎರಡು ಸಲಕ್ಕೆ 48 ಸಾವಿರ ಹೋಗಿತ್ತು. ಬ್ಯಾಂಕಿನಿಂದ ಬಂದ ಓಟಿಪಿಯನ್ನು ಆ ಆ್ಯಪ್ ಓದಿ ಕಳ್ಳನಿಗೆ ದಾಟಿಸುತ್ತಿತ್ತು, ಅಷ್ಟೇ.

ಅವರು ನನಗೆ ಫೋನ್ ಮಾಡಿದ್ದು ಎರಡು ದಿನ ಆದಮೇಲೆ. ‘ಹ್ಯಾಕ್ ಆಗೋಯ್ತು ಕಣೋ’ ಅಂದರು. ಸಿಡಿಲು ಬಡೀತು, ಆನೆ ತುಳೀತು ಅಂತ ಹೇಳುವ ದನಿಯಲ್ಲಿ. ಅಂದರೆ ಇನ್ನು ಮಾಡೋದೇನೂ ಉಳಿದಿಲ್ಲ ಅಂತ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಯಾಕೆ ಕೂಡಲೇ ಫೋನ್ ಮಾಡಲಿಲ್ಲ ಅಂತ ಕೇಳಿದೆ. ‘ಹ್ಯಾಕ್ ಮಾಡೋರು ಎಲ್ಲೋ ದೂರ ಕೂತಿರ್ತಾರೆ, ದೊಡ್ಡ ದೊಡ್ಡ ಮಿಷಿನ್ ಇಟ್ಕೊಂಡಿರ್ತಾರೆ, ನಾವು ಫೋನ್ ಮಾಡಿ ಏನು ಪ್ರಯೋಜನ’ ಅಂದರು. ಆ ನಂಬರ್ ಇರುವುದೇ ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲು ತಡೆಹಿಡಿಸಲಿಕ್ಕೆ. ಎರಡು ದಿನದಲ್ಲಿ ಅದು ಎಷ್ಟು ಖಾತೆ ದಾಟಿತ್ತೋ.

ಈಗ ನಿಮ್ಮ ಮಂಗಳವಾರದ ಸುದ್ದಿಗೆ ಬರುತ್ತೇನೆ. ಎರಡು ಕಾಲಂ ಇತ್ತು. ಬೆಳೆಗಾರರ ಊರು, ವಯಸ್ಸು, ಹೋದ ಮೊತ್ತ, ಠಾಣೆ ಎಲ್ಲಾ ಇತ್ತು. ಹೇಗೆ ಹೋಯಿತು ಅನ್ನುವಲ್ಲಿ ಮಾತ್ರ ‘ಹ್ಯಾಕ್ ಮಾಡಿ ಹಣ ಎಗರಿಸಿದ್ದಾರೆ’ ಅಂತ ಒಂದೇ ಸಾಲು. ಅವರು ಏನು ಒತ್ತಿದರು, ಯಾರಿಗೆ ಏನು ಹೇಳಿದರು, ಯಾವ ಆ್ಯಪು, ಒಂದಕ್ಷರ ಇಲ್ಲ.

ಅದೇ ಪುಟದ ಕೆಳಗೆ ಮನೆಗಳವಿನ ಸುದ್ದಿಯೊಂದಿತ್ತು. ಅದರಲ್ಲಿ ನಿಮ್ಮ ವರದಿಗಾರರು ‘ಹಿಂಬದಿಯ ಹೆಂಚು ತೆಗೆದು ಒಳಗಿಳಿದು, ಬೀರುವಿನ ಬೀಗ ಮೀಟಿ’ ಅಂತ ಎಷ್ಟು ಚೆನ್ನಾಗಿ ಬರೆದಿದ್ದಾರೆ! ಓದಿದವನು ಆ ರಾತ್ರಿ ತನ್ನ ಮನೆಯ ಹಿಂಬದಿ ಹೆಂಚು ನೋಡಿಕೊಂಡೇ ಮಲಗುತ್ತಾನೆ. ‘ಕಳ್ಳ ಕಳ್ಳತನ ಮಾಡಿ ಕಳವು ಮಾಡಿದ’ ಅಂತ ಯಾರಾದರೂ ಬರೆಯುತ್ತಾರಾ? ಫೋನಿನ ಕಳ್ಳತನಕ್ಕೆ ಮಾತ್ರ ಯಾಕೆ ಹಾಗೆ? ಮದುವೆ ಕಾರ್ಡಿನ ಬಾಲದಲ್ಲಿ ‘ಎಪಿಕೆ’ ಅಂತಿದ್ದರೆ ಅದು ಕಾರ್ಡಲ್ಲ, ಆ್ಯಪು ಅಂತ ಫೆಬ್ರವರಿಗೆ ಮುಂಚೆ ಯಾವ ಪೇಪರಿನಲ್ಲಾದರೂ ಒಂದು ಸಾಲು ಓದಿದ್ದರೆ ನಮ್ಮ ಭಾವ ಒತ್ತುತ್ತಿರಲಿಲ್ಲ. ಅವರು ಪೇಪರನ್ನು ಜಾಹೀರಾತು ಸಮೇತ ಓದುವ ಪೈಕಿ.

ಹ್ಯಾಕರ್ ಪದದ ಮೇಲೆ ನನಗೇನು ಇಷ್ಟು ಅಕ್ಕರೆ ಅಂತ ಕೇಳಬಹುದು. ನಾನು 1978ರಿಂದ 2016ರವರೆಗೆ ಟೆಲಿಫೋನ್ ಮೆಕ್ಯಾನಿಕ್ ಆಗಿದ್ದವನು. ಅರಸೀಕೆರೆ, ಸಕಲೇಶಪುರ, ಬೇಲೂರು, ಕೊನೆಗೆ ಹಾಸನ. ಈ ಪದ ಹುಟ್ಟಿದ್ದು ನಮ್ಮ ಕಸುಬಿನ ಪಕ್ಕದಲ್ಲೇ. ಅದಕ್ಕೆ ಮೊದಲು ನಾನು ಕಣ್ಣಾರೆ ಕಂಡ ಒಬ್ಬ ಹ್ಯಾಕರ್ ವಿಷಯ ಹೇಳಬೇಕು. ಆಗ ನನಗೆ ಆ ಪದ ಗೊತ್ತಿರಲಿಲ್ಲ.

1980ರ ದಶಕದ ಮಧ್ಯಭಾಗ. ಸಕಲೇಶಪುರದ ಕಡೆ ಒಂದು ಎಸ್ಟೇಟಿನಿಂದ ದೂರು ಬಂತು. ಆಫೀಸಿನ ಫೋನಿಗೆ ಬೀಗ ಹಾಕಿದ್ದೇವೆ, ಆದರೂ ಬಿಲ್ಲು ಏರುತ್ತಲೇ ಇದೆ ಅಂತ. ಡಯಲ್ ತಿರುಗಿಸುವ ಕಪ್ಪು ಫೋನಿಗೆ ಆಗ ಒಂದು ಪುಟಾಣಿ ಬೀಗ ಸಿಗುತ್ತಿತ್ತು, ಹಳಬರಿಗೆ ನೆನಪಿರುತ್ತದೆ. ಡಯಲಿನ ತೂತಿಗೆ ಅದನ್ನು ಹಾಕಿದರೆ ಚಕ್ರ ತಿರುಗುವುದಿಲ್ಲ. ಬರುವ ಕರೆ ಬರುತ್ತದೆ, ಹೋಗುವುದು ಹೋಗುವುದಿಲ್ಲ. ಲೈನು ಎಲ್ಲೋ ಕ್ರಾಸ್ ಆಗಿರಬೇಕು ಅಂತ ಕಂಬ ಕಂಬ ನೋಡಿಕೊಂಡು ಹೋದೆ. ಎಲ್ಲಾ ಸರಿಯಾಗಿತ್ತು. ಆಫೀಸಿನಲ್ಲಿ ಕೂತು ಕಾಫಿ ಕುಡಿಯುತ್ತಿದ್ದಾಗ ರೈಟರ, ಅಂದರೆ ಎಸ್ಟೇಟಿನ ಲೆಕ್ಕ ಬರೆಯುವವರ ಮಗ, ಒಂಬತ್ತನೇ ಕ್ಲಾಸಿನ ಹುಡುಗ, ಬಾಗಿಲಲ್ಲಿ ನಿಂತು ನನ್ನ ಟೂಲ್ ಬ್ಯಾಗನ್ನೇ ನೋಡುತ್ತಿದ್ದ. ರೈಟರು ಒಳಗೆ ಹೋದದ್ದೇ ತಡ, ಹತ್ತಿರ ಬಂದು ಮೆಲ್ಲಗೆ ಕೇಳಿದ.

‘ಅಣ್ಣಾ, ಸೊನ್ನೆಗೆ ಹತ್ತು ಸಲ ಬಡೀಬೇಕಲ್ವಾ?’

ಕಾಫಿ ಗಂಟಲಲ್ಲೇ ನಿಂತಿತು.

ಯಾಕೆ ಅಂತ ಹೇಳುತ್ತೇನೆ. ಆ ಫೋನಿನಲ್ಲಿ ಡಯಲ್ ತಿರುಗಿಸಿ ಬಿಟ್ಟಾಗ ಚಕ್ರ ಟರ್ರನೆ ವಾಪಸ್ ಬರುತ್ತದಲ್ಲ, ಆ ಹೊತ್ತಿನಲ್ಲಿ ಲೈನಿನ ಕರೆಂಟು ಕಡಿದು ಕಡಿದು ಕೂಡುತ್ತದೆ. ಐದು ತಿರುಗಿಸಿದರೆ ಐದು ಸಲ ಕಡಿತ. ಸೆಕೆಂಡಿಗೆ ಸುಮಾರು ಹತ್ತು ಕಡಿತದ ಲೆಕ್ಕ. ಎಕ್ಸ್‌ಚೇಂಜಿನಲ್ಲಿರುವ ಯಂತ್ರ ಎಣಿಸುವುದು ಆ ಕಡಿತವನ್ನೇ ಹೊರತು ಡಯಲನ್ನಲ್ಲ. ರಿಸೀವರ್ ಇಡುವ ಜಾಗದ ಗುಂಡಿ ಒತ್ತಿದರೂ ಅದೇ ಕರೆಂಟು ಕಡಿಯುತ್ತದೆ. ಆದ್ದರಿಂದ ಗುಂಡಿಯನ್ನು ಟಪಟಪ ಅಂತ ಲೆಕ್ಕ ಹಿಡಿದು ಬಡಿದರೆ ಡಯಲೇ ಬೇಡ. ನಮಗೆ ಇದು ಟ್ರೈನಿಂಗಿನಲ್ಲಿ ಗೊತ್ತಾಗಿದ್ದು. ಈ ಹುಡುಗ ರಿಸೀವರಿಗೆ ಕಿವಿಕೊಟ್ಟು, ಡಯಲ್ ತಿರುಗುವಾಗಿನ ಟಕಟಕ ಎಣಿಸಿ ಎಣಿಸಿ ತಾನೇ ಕಂಡುಕೊಂಡಿದ್ದ. ಒಂದು ಬಡಿದರೆ ಒಂದು, ಎರಡು ಬಡಿದರೆ ಎರಡು. ಸೊನ್ನೆ ಬಂದಾಗ ತೊಡಕಾಯಿತು. ಸೊನ್ನೆ ಸಲ ಬಡಿಯುವುದು ಹೇಗೆ? ಡಯಲಿನಲ್ಲಿ ಸೊನ್ನೆ ಒಂಬತ್ತರ ಆಚೆ ಇದೆ, ಹಾಗಾದರೆ ಅದು ಹತ್ತೇ ಇರಬೇಕು ಅಂತ ತರ್ಕ ಮಾಡಿದ್ದ. ತರ್ಕ ಸರಿಯಾಗಿತ್ತು. ನನ್ನಿಂದ ಅವನಿಗೆ ಬೇಕಾಗಿದ್ದದ್ದು ಬರೀ ಒಂದು ಹೌದು.

ಯಾರಿಗೆ ಫೋನ್ ಮಾಡ್ತೀಯ ಅಂದೆ. ರೈಲ್ವೆ ಸ್ಟೇಷನ್ನಿಗಂತೆ. ಘಾಟಿ ರೈಲು ಬಂತಾ ಅಂತ ಕೇಳಿ ಇಟ್ಟುಬಿಡುತ್ತಿದ್ದ. ಅವನಿಗೆ ಯಾವ ರೈಲೂ ಹತ್ತಬೇಕಾಗಿರಲಿಲ್ಲ.

ಮಾಲೀಕರ ದುಡ್ಡು ಹೋಗಿದ್ದು ಹೌದು. ಅದನ್ನು ನಾನು ಒಳ್ಳೆಯದು ಅನ್ನುವುದಿಲ್ಲ, ಅವನಿಗೂ ಹೇಳಿದೆ. ದೂರಿನ ಡಾಕೆಟ್ ಚೀಟಿಯಲ್ಲಿ ‘ಲೈನ್ ಸರಿಯಿದೆ’ ಅಂತ ಬರೆದು ಬಂದೆ. ಸುಳ್ಳಂತೂ ಅಲ್ಲ. ಮುಂದಿನ ಬಿಲ್ಲಿಗೆ ದೂರು ಬರಲಿಲ್ಲ.

ಈಗ ಅಮೆರಿಕದ ಕತೆ. ಎಂಐಟಿ ಅನ್ನುವ ದೊಡ್ಡ ತಾಂತ್ರಿಕ ಕಾಲೇಜಿನಲ್ಲಿ ಆಟದ ರೈಲು ಕಟ್ಟುವ ಹುಡುಗರದ್ದೊಂದು ಕ್ಲಬ್ ಇತ್ತು. ಮೇಜಿನ ಮೇಲೆ ಪುಟಾಣಿ ಬೆಟ್ಟ, ಸ್ಟೇಷನ್ನು, ರೈಲು. ಮೇಜಿನ ಕೆಳಗೆ ಟೆಲಿಫೋನ್ ಕಂಪನಿ ದಾನ ಕೊಟ್ಟ ರಿಲೇಗಳು, ಸ್ವಿಚ್ಚುಗಳು, ತಂತಿಯ ಕಾಡು. ಫೋನಿನ ಡಯಲ್ ತಿರುಗಿಸಿ ಯಾವ ಹಳಿಯ ಹಿಡಿತ ಬೇಕೋ ಅದನ್ನು ತೆಗೆದುಕೊಳ್ಳುವ ಏರ್ಪಾಟು. ಕೆಲವರಿಗೆ ಮೇಲಿನ ರೈಲಿನ ಹುಚ್ಚು, ಕೆಲವರಿಗೆ ಕೆಳಗಿನ ತಂತಿಯ ಹುಚ್ಚು. ಮೇಜಿನ ಕೆಳಗೆ ತೂರಿಕೊಂಡ ಈ ಎರಡನೆಯವರ ಬಾಯಲ್ಲೇ ‘ಹ್ಯಾಕ್’ ಅನ್ನುವ ಮಾತು ಓಡಾಡಿದ್ದು. 1955ರ ಏಪ್ರಿಲಿನ ಅವರ ಸಭೆಯ ನಡಾವಳಿಯಲ್ಲಿ ಒಂದು ಸಾಲಿದೆ. ಕರೆಂಟಿನ ವ್ಯವಸ್ಥೆಯ ಮೇಲೆ ಕೆಲಸ ಮಾಡುವವರು ಅಥವಾ ‘ಹ್ಯಾಕಿಂಗ್’ ಮಾಡುವವರು ಫ್ಯೂಸ್ ಹೋಗದ ಹಾಗೆ ಪವರ್ ಆಫ್ ಮಾಡಿಕೊಳ್ಳಬೇಕು ಅಂತ ಒಬ್ಬ ಸದಸ್ಯರ ಮನವಿ. ಮೊಮ್ಮಗಳು ಇದನ್ನು ಫೋನಿನಲ್ಲಿ ತೋರಿಸಿದಾಗ ನನಗೆ ನಮ್ಮ ಎಕ್ಸ್‌ಚೇಂಜಿನ ಗೋಡೆಯ ಮೇಲಿನ ನೋಟಿಸೇ ಕಂಡ ಹಾಗಾಯಿತು. ಹ್ಯಾಕರುಗಳ ಬಗ್ಗೆ ಸಿಕ್ಕ ಮೊದಮೊದಲ ದಾಖಲೆಯೇ ‘ಫ್ಯೂಸ್ ಹಾರಿಸಬೇಡ್ರಪ್ಪಾ’ ಅನ್ನುವುದು!

1959ರಲ್ಲಿ ಪೀಟರ್ ಸ್ಯಾಮ್ಸನ್ ಅನ್ನುವ ಸದಸ್ಯ ಕ್ಲಬ್ಬಿನವರ ಮಾತುಗಳನ್ನೆಲ್ಲ ಸೇರಿಸಿ ಒಂದು ಪುಟ್ಟ ನಿಘಂಟು ಮಾಡಿದ. ಆಮೇಲೆ ಈ ಹುಡುಗರು ಕಂಪ್ಯೂಟರಿಗೆ ಜಿಗಿದರು, ಮಾತುಗಳೂ ಜೊತೆಗೇ ಹೋದವು. 1975ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರಫಾಯೆಲ್ ಫಿಂಕೆಲ್ ಅನ್ನುವವರು ಇಂಥ ಮಾತುಗಳ ಇನ್ನೊಂದು ಪಟ್ಟಿ ಶುರು ಮಾಡಿದರು. ಅದು ಕೈಯಿಂದ ಕೈಗೆ ಬೆಳೆದು 1983ರಲ್ಲಿ ಪುಸ್ತಕವೂ ಆಯಿತು. ಪ್ರತಿ ಕಸುಬಿಗೂ ಇಂಥದ್ದು ಇರುತ್ತದೆ. ನಮ್ಮಲ್ಲಿ ಲೈನು ‘ಸತ್ತಿದೆ’ ಅನ್ನುತ್ತಿದ್ದೆವು, ‘ಅರ್ತ್ ಹಿಡಿದಿದೆ’ ಅನ್ನುತ್ತಿದ್ದೆವು. ಪಟ್ಟಿ ಮಾಡಿದವರು ಯಾರೂ ಇಲ್ಲ. ಈಗ ಆ ಎಕ್ಸ್‌ಚೇಂಜೂ ಇಲ್ಲ, ಮಾತೂ ಇಲ್ಲ.

ಫಿಂಕೆಲ್ ಶುರು ಮಾಡಿದ ಆ ಪಟ್ಟಿಯಲ್ಲಿ ‘ಹ್ಯಾಕರ್’ ಪದಕ್ಕೆ ಎಂಟು ಅರ್ಥ ಕೊಟ್ಟಿದ್ದಾರೆ. ಮೂಲದಲ್ಲಿ ಕೊಡಲಿಯಿಂದ ಪೀಠೋಪಕರಣ ಮಾಡುವವನು ಅಂತ ತಮಾಷೆ ಮಾಡಿ ಶುರು ಮಾಡುತ್ತಾರೆ. ಒಂದು ವ್ಯವಸ್ಥೆಯ ಒಳಗನ್ನು ಕೆದಕಿ ತಿಳಿಯುವುದರಲ್ಲಿ ಖುಷಿ ಪಡುವವನು ಅನ್ನುವುದು ಮುಖ್ಯ ಅರ್ಥ. ಯಾವ ವಿದ್ಯೆಯಲ್ಲಾದರೂ ಪಳಗಿದವನನ್ನೂ ಹಾಗೆ ಕರೆಯಬಹುದಂತೆ, ನಕ್ಷತ್ರ ನೋಡುವವನನ್ನೂ. ಪರರ ಗುಟ್ಟು ಕದಿಯುವ ಕಿಡಿಗೇಡಿ ಅನ್ನುವುದು ಎಂಟನೆಯ ಅರ್ಥ. ಅದರ ಪಕ್ಕದಲ್ಲೇ ಇದು ಸರಿಯಾದ ಬಳಕೆ ಅಲ್ಲ ಅಂತಲೂ ಬರೆದಿದ್ದಾರೆ. ನಮ್ಮ ಪೇಪರುಗಳು ಆರಿಸಿಕೊಂಡಿದ್ದು ಆ ಎಂಟನೆಯದನ್ನು!

ಇನ್ನೊಂದು ಮಾತು ಅದರಲ್ಲಿ ಇಷ್ಟವಾಯಿತು. ನಿನ್ನನ್ನು ನೀನೇ ಹ್ಯಾಕರ್ ಅಂತ ಕರೆದುಕೊಳ್ಳುವುದಕ್ಕಿಂತ ಬೇರೆಯವರು ಕರೆದರೆ ಚೆನ್ನ ಅಂತ. ಹ್ಯಾಕ್ ಅಂದರೆ ಕೊಚ್ಚುವುದು. ನಮ್ಮಲ್ಲಿ ತನ್ನನ್ನು ತಾನೇ ಹೊಗಳಿಕೊಳ್ಳುವುದಕ್ಕೂ ಕೊಚ್ಚಿಕೊಳ್ಳುವುದು ಅಂತಲೇ ಅನ್ನುತ್ತೇವೆ. ಕೊಚ್ಚುವವನು ಕೊಚ್ಚಿಕೊಳ್ಳಬಾರದು ಅಂದ ಹಾಗಾಯಿತು.

ಅವರೆಲ್ಲಾ ಸಾಧುಗಳು ಅಂತ ನಾನು ಹೇಳುತ್ತಿಲ್ಲ. ಎಂಐಟಿ ಹುಡುಗರು ಬೀಗ ತೆಗೆಯುವ ವಿದ್ಯೆಯನ್ನೂ ಕಲಿತಿದ್ದರು, ಟೆಲಿಫೋನ್ ಕಂಪನಿಗೆ ಪುಕ್ಕಟೆ ಕರೆ ಮಾಡಿ ಟೋಪಿ ಹಾಕಿದವರೂ ಆ ದೇಶದಲ್ಲಿ ಬೇಕಾದಷ್ಟು ಜನ ಇದ್ದರು. 1983ರಲ್ಲಿ ಮಿಲ್ವಾಕಿ ಊರಿನ ಹುಡುಗರ ಗುಂಪೊಂದು ಲಾಸ್ ಅಲಾಮೋಸ್ ಅಣ್ವಸ್ತ್ರ ಪ್ರಯೋಗಾಲಯದ ಕಂಪ್ಯೂಟರಿಗೇ ನುಗ್ಗಿ ಸಿಕ್ಕಿಬಿತ್ತು. ತಮ್ಮ ಊರಿನ ಟೆಲಿಫೋನ್ ಕೋಡ್ 414 ಅನ್ನೇ ಗುಂಪಿನ ಹೆಸರು ಮಾಡಿಕೊಂಡಿದ್ದರು. ಅಲ್ಲಿನ ಪತ್ರಿಕೆಗಳು ಅವರನ್ನು ಹ್ಯಾಕರ್ ಅಂತ ಕರೆದವು. ಅಲ್ಲಿಂದ ಆ ಮಾತು ಹಿಂದಕ್ಕೆ ಬರಲೇ ಇಲ್ಲ. 1985ರ ಹೊತ್ತಿಗೆ ಹಳಬರು ಮುನಿಸಿಕೊಂಡು, ನುಗ್ಗುವವನಿಗೆ ‘ಕ್ರ್ಯಾಕರ್’ ಅನ್ನಿ ಅಂತ ಹೊಸ ಪದ ಕೊಟ್ಟರು. ಯಾರೂ ತೆಗೆದುಕೊಳ್ಳಲಿಲ್ಲ.

ನೀವೂ ಅದನ್ನು ತೆಗೆದುಕೊಳ್ಳಿ ಅಂತ ನಾನು ಕೇಳುವುದಿಲ್ಲ. ಹಾಸನದಲ್ಲಿ ಕ್ರ್ಯಾಕರ್ ಅಂದರೆ ಪಟಾಕಿ. ಕ್ರ್ಯಾಕ್ ಅಂದರೆ ಅರೆಹುಚ್ಚ. ‘ಕ್ರ್ಯಾಕರ್ ಬಂಧನ’ ಅಂತ ಹಾಕಿದರೆ ದೀಪಾವಳಿ ಸುದ್ದಿ ಅಂದುಕೊಳ್ಳುತ್ತಾರೆ. ಅದರ ಅಗತ್ಯವೂ ಇಲ್ಲ. ಕಳ್ಳರಿಗೆ ಕನ್ನಡದಲ್ಲಿ ಪದಕ್ಕೇನು ಬರ. ಗೋಡೆಗೆ ತೂತು ಕೊರೆದು ನುಗ್ಗುವವನಿಗೆ ಕನ್ನಗಳ್ಳ ಅಂದರು ಹಿರಿಯರು. ‘ಖಾತೆಗೆ ಕನ್ನ’ ಅಂತ ನೀವೇ ಕೆಲವು ಸಲ ಹಾಕಿದ್ದೀರಿ, ತುಂಬಾ ಚೆನ್ನಾಗಿದೆ. ನಿಜವಾಗಿ ಕೊರೆದು ನುಗ್ಗಿದಾಗ ಅದನ್ನು ಬಳಸಿ. ಬ್ಯಾಂಕಿನವನು ಅಂತ ಹೇಳಿ ಓಟಿಪಿ ಕೇಳಿ ಪಡೆದರೆ ಅವನು ಟೋಪಿ ಹಾಕಿದವನು. ನಮ್ಮ ಭಾವನಿಗೆ ಬಂದ ಆ್ಯಪ್ ಬರೆದವನಿಗೆ ತಲೆ ಇದೆ, ಒಪ್ಪಿದೆ. ಆದರೆ ಬಾಗಿಲು ತೆಗೆಸಿದ್ದು ತಲೆಯಿಂದಲ್ಲ, ಮದುವೆ ಕಾರ್ಡಿನ ವೇಷದಿಂದ. ಅವನು ವೇಷಗಾರ.

ನಮ್ಮ ಕಾನೂನು ಕೂಡ ಈ ಪದವನ್ನು ಯಾವತ್ತೋ ಕೈಬಿಟ್ಟಿದೆ. 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ಕಲಮಿಗೆ ಮೊದಲು ಹ್ಯಾಕಿಂಗ್ ಅಂತಲೇ ಹೆಸರಿತ್ತು. 2008ರ ತಿದ್ದುಪಡಿಯಲ್ಲಿ ಅದನ್ನು ತೆಗೆದು ‘ಕಂಪ್ಯೂಟರ್ ಸಂಬಂಧಿ ಅಪರಾಧ’ ಅಂತ ಮಾಡಿದರು. ಬೇರೆಯವರ ಸೋಗು ಹಾಕಿ ಮೋಸ ಮಾಡುವುದಕ್ಕೆ 66ಡಿ ಅಂತ ಬೇರೆ ಕಲಮೇ ಬಂತು, ಮೂರು ವರ್ಷದವರೆಗೆ ಜೈಲು. ಪೊಲೀಸರು ಎಫ್‌ಐಆರಿನಲ್ಲಿ ಕಲಮು ಬರೆದಿರುತ್ತಾರಲ್ಲ, ವರದಿಗಾರರು ಒಮ್ಮೆ ಅದನ್ನು ನೋಡಿದರೆ ಸಾಕು, ನುಗ್ಗಿದ್ದೋ ಸೋಗೋ ಅನ್ನುವುದಕ್ಕೆ ಒಂದು ಸುಳಿವಾದರೂ ಸಿಗುತ್ತದೆ.

ಫೇಸ್‌ಬುಕ್ಕಿನಲ್ಲೂ ಇದೇ ಗೊಂದಲ. ‘ನನ್ನ ಅಕೌಂಟ್ ಹ್ಯಾಕ್ ಆಗಿದೆ, ಯಾರೂ ದುಡ್ಡು ಹಾಕಬೇಡಿ’ ಅಂತ ವಾರಕ್ಕೊಬ್ಬರು ಬರೆಯುತ್ತಾರೆ. ಹೋಗಿ ನೋಡಿದರೆ ಬಹಳ ಸಲ ಯಾರೋ ಅವರ ಫೋಟೊ ಕದ್ದು ಅದೇ ಹೆಸರಲ್ಲಿ ಹೊಸ ಖಾತೆ ತೆರೆದಿರುತ್ತಾರೆ. ನನ್ನ ಫೋಟೊ ಅಂಟಿಸಿಕೊಂಡು ಯಾರೋ ಬೇರೆ ಬೀದಿಯಲ್ಲಿ ಅಂಗಡಿ ಇಟ್ಟರೆ ನನ್ನ ಮನೆ ಬೀಗ ಮುರಿದ ಹಾಗಾಯಿತಾ? ಇವರು ಸುಮ್ನೆ ತಮ್ಮ ಪಾಸ್‌ವರ್ಡ್ ಬದಲಾಯಿಸಿ ನಿರಾಳ ಆಗುತ್ತಾರೆ. ನಕಲಿ ಖಾತೆ ಹಾಗೇ ಇರುತ್ತದೆ, ನೆಂಟರ ಹತ್ತಿರ ಸಾಲ ಕೇಳುತ್ತಲೇ ಇರುತ್ತದೆ. ಆ ನಕಲಿ ಖಾತೆಯ ಮೇಲೆ ದೂರು ಕೊಡಬೇಕಿತ್ತು. ಪದ ತಪ್ಪಿತು, ಮದ್ದೂ ತಪ್ಪಿತು.

ಹ್ಯಾಕಾಥಾನ್ ಏನಾಯಿತು ಅಂತ ಹೇಳಿಬಿಡುತ್ತೇನೆ. ಈ ಹೆಸರು ಶುರುವಾದದ್ದು 1999ರಲ್ಲಂತೆ, ಕೆನಡಾದ ಕ್ಯಾಲ್ಗರಿಯಲ್ಲಿ ಕೆಲವು ಪ್ರೋಗ್ರಾಮರುಗಳು ಒಂದೆಡೆ ಕೂತು ಕೆಲಸ ಮಾಡಿದಾಗ. ಮೊಮ್ಮಗಳ ಗುಂಪು ಹಿಡಿದುಕೊಂಡಿದ್ದು ಕಾಫಿ ಕಣದ ಸಮಸ್ಯೆ. ಕಣದಲ್ಲಿ ಕಾಫಿ ಹರವಿರುವಾಗ ರಾತ್ರಿ ಹನಿ ಬಿದ್ದರೆ ಫೋನಿಗೆ ಸಂದೇಶ ಬರಬೇಕು. ಬಿಸ್ಕತ್ತಿನಷ್ಟು ಅಗಲದ ಒಂದು ಬೋರ್ಡು, ಮೇಲೆ ತಾಮ್ರದ ಗೆರೆಗಳು. ನೀರು ಬಿದ್ದರೆ ಗೆರೆಗೆ ಗೆರೆ ಕೂಡಿ ಸಂದೇಶ ಹೊರಡುತ್ತದೆ. ಕಾಲೇಜಿನ ಮೈದಾನದಲ್ಲಿಟ್ಟು ಪರೀಕ್ಷೆ ಮಾಡಿದ್ದಾರೆ. ಬೆಳಗಿನ ಜಾವ ನಾಲ್ಕೂವರೆಗೆ ನಮ್ಮ ಮನೆ ಫೋನು ಹೊಡೆದುಕೊಂಡಿತು. ಅಜ್ಜಿ ಎದ್ದು ಕೂತು, ‘ಹಿಡಿದ್ರಾ?’ ಅಂದರು.

ಹಿಡಿದದ್ದು ಇಬ್ಬನಿ. ಮಳೆಯೇ ಇಲ್ಲದೆ ಸಂದೇಶದ ಮೇಲೆ ಸಂದೇಶ ಬರುತ್ತಿದೆ, ತಾತ, ಏನು ಮಾಡೋದು ಅಂತ ಕೇಳಿದಳು. ಸಕಲೇಶಪುರದ ಮಳೆಗಾಲದಲ್ಲಿ ನಾವು ತಂತಿ ಸೇರುವ ಪೆಟ್ಟಿಗೆಯೊಳಗೆ ಒಂದು ಸಣ್ಣ ಬಲ್ಬು ಉರಿಸಿ ಇಡುತ್ತಿದ್ದೆವು. ಬೆಚ್ಚಗಿದ್ದರೆ ಥಂಡಿ ಕೂರುವುದಿಲ್ಲ. ಅಷ್ಟು ಹೇಳಿದೆ. ‘ಸಾಕು ತಾತ’ ಅಂತ ಫೋನ್ ಇಟ್ಟಳು. ಬೋರ್ಡಿನ ಅಡಿಗೆ ಬಿಸಿಯಾಗುವ ಒಂದು ರೆಸಿಸ್ಟರ್ ಅಂಟಿಸಿದ್ದಾರೆ. ಇಬ್ಬನಿ ಕೂತ ಹಾಗೇ ಆರುತ್ತದೆ, ಮಗ್ಗಿನಲ್ಲಿ ನೀರು ಚಿಮುಕಿಸಿದರೆ ಮಾತ್ರ ಸಂದೇಶ ಬರುತ್ತದೆ. ಬಹುಮಾನ ಬರಲಿಲ್ಲ. ಅಜ್ಜಿ ಕೇಳಿದ್ದು ಒಂದೇ, ರಾತ್ರಿ ಊಟ ಕೊಟ್ಟರಾ ಅಂತ.

ಸಂಪಾದಕರೇ, ಮುಂದಿನ ಸಲ ಇಂಥ ಸುದ್ದಿ ಬಂದಾಗ ಠಾಣೆಗೆ ಹೋದ ವರದಿಗಾರರು ಇನ್ನೊಂದೇ ಪ್ರಶ್ನೆ ಕೇಳಲಿ: ಕಳೆದುಕೊಂಡವರು ಏನು ಒತ್ತಿದರು, ಏನು ಹೇಳಿದರು? ಅದೊಂದು ಸಾಲು ಹೆಂಚು ತೆಗೆದ ಸಾಲಿನ ಹಾಗೆ ಅಚ್ಚಾಗಲಿ. ಕೆಳಗೆ 1930 ಅಂತ ದಪ್ಪಗೆ ಹಾಕಿ. ಹ್ಯಾಕರ್ ಪದವನ್ನು ನಮ್ಮ ಹುಡುಗಿಯರಿಗೆ ಬಿಟ್ಟುಕೊಡಿ.

ಮೊನ್ನೆ ರಾತ್ರಿ ಭಾವ ಮತ್ತೆ ಫೋನ್ ಮಾಡಿದ್ದರು. ವಾಟ್ಸಾಪಿಗೆ ಇನ್ನೊಂದು ಮದುವೆ ಕರೆಯೋಲೆ ಬಂದಿದೆ, ಒತ್ತಲೋ ಬೇಡವೋ ಅಂತ. ಬಾಲದಲ್ಲಿ ಏನಿದೆ ಓದಿ ಅಂದೆ. ಕನ್ನಡಕ ಹುಡುಕಿ ತಂದು, ಒಂದೊಂದೇ ಅಕ್ಷರ ಓದಿದರು. ‘ಪಿ... ಡಿ... ಎಫ್.’ ಕಳಿಸಿದವರಿಗೆ ಒಂದು ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಿ ಅಂದೆ. ಮಾಡಿದರು. ಭಾನುವಾರ ಆಲೂರಿನಲ್ಲಿ ಮದುವೆ, ನಾವೆಲ್ಲರೂ ಹೋಗುತ್ತಿದ್ದೇವೆ.

ಇತಿ ನಿಮ್ಮ ಓದುಗ,
ನಿವೃತ್ತ ಟೆಲಿಫೋನ್ ಮೆಕ್ಯಾನಿಕ್
ಹಾಸನ